ಡಾಕ್ಟರು ಬಂದರೋ ಇಲ್ಲವೋ

ರಾಣೆಬೆನ್ನೂರಿನ ಟ್ಯೂಷನ್ ಕ್ಲಾಸಿನಲ್ಲಿ ನಾನು ವರ್ಷಗಳಿಂದ ಒಬ್ಬ ರೋಗಿಯನ್ನು ಸಾಯಿಸುತ್ತ ಬಂದಿದ್ದೇನೆ. ‘ಹಾರ್ಡ್ಲಿ ಹ್ಯಾಡ್ ದ ಡಾಕ್ಟರ್ ಅರೈವ್ಡ್ ವೆನ್ ದ ಪೇಶಂಟ್ ಡೈಡ್.’ ಡಾಕ್ಟರು ಬಂದರೋ ಇಲ್ಲವೋ, ರೋಗಿ ಸತ್ತ. ಇಂಗ್ಲಿಷ್ ವ್ಯಾಕರಣದ ಯಾವ ಗೈಡು ತೆಗೆದರೂ ಈ ರೋಗಿ ಇದ್ದೇ ಇರುತ್ತಾನೆ. ಹಾರ್ಡ್ಲಿ, ನೆವರ್, ಸೆಲ್ಡಮ್ ಮುಂತಾದ ‘ಇಲ್ಲ’ದ ಜಾತಿಯ ಪದಗಳು ವಾಕ್ಯದ ಮೊದಲಿಗೇ ಬಂದು ಕುಳಿತರೆ, ‘ಹ್ಯಾಡ್’ ಕರ್ತೃವನ್ನು ದಾಟಿ ಮುಂದೆ ಬರಬೇಕು. ನಮ್ಮ ಕನ್ನಡದಲ್ಲಿ ‘ಇಲ್ಲ’ ಬರುವುದು ಕೊನೆಗೆ. ಅಲ್ಲಿಯವರೆಗೆ ಕೇಳುವವನಿಗೆ ಚೂರು ಆಸೆ ಇರುತ್ತದೆ. ಇಂಗ್ಲಿಷಿಗೆ ಅಷ್ಟು ದಾಕ್ಷಿಣ್ಯವಿಲ್ಲ. ಪಿಯುಸಿ ಮಕ್ಕಳು ಇದನ್ನೆಲ್ಲ ಮಗ್ಗಿಯ ಹಾಗೆ ಒದರುತ್ತಾರೆ. ರೋಗಿಯ ಚಿಂತೆ ಅವರಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಕಳೆದ ತಿಂಗಳು ಹಾವೇರಿಯ ಆಸ್ಪತ್ರೆಯಲ್ಲಿ ನನ್ನ ಗಂಡ ಚಂದ್ರಪ್ಪ ಹಾಗೆಯೇ ಹೋದರು. ಎದೆನೋವೆಂದು ಕರೆದೊಯ್ದಿದ್ದೆವು. ಡಾಕ್ಟರು ಪರದೆ ಸರಿಸಿ ಒಳಗೆ ಬಂದರು, ಇವರ ಕೈ ಮಂಚದಿಂದ ಜಾರಿತು. ನನಗೆ ಅಳು ಬರಲಿಲ್ಲ. ಬ್ಯಾಡಗಿಯ ನಮ್ಮ ಮನೆಯಲ್ಲಿ ಹೆಣ ಕೂರಿಸಿದಾಗಲೂ ಬರಲಿಲ್ಲ. ಬಂದ ಹೆಂಗಸರೆಲ್ಲ ನನ್ನ ಗಲ್ಲ ಹಿಡಿದು, “ಅತ್ತುಬಿಡವ್ವ, ಒಳಗ ಇಟ್ಕೋಬ್ಯಾಡ” ಎಂದರು. ಅತ್ತೆ ಜಯವ್ವ ಮಾತ್ರ ಅಡುಗೆಮನೆಯಿಂದ ಬಂದವರೇ ಎದೆ ಬಡಿದುಕೊಂಡು ಅತ್ತರು. ಅವರ ಕಣ್ಣುಗಳು ಕೆಂಪಾಗಿ ಬಾತುಕೊಂಡಿದ್ದವು. ನಿಜ ಹೇಳುತ್ತೇನೆ, ನನಗೆ ಹೊಟ್ಟೆಕಿಚ್ಚಾಯಿತು.

ಅಂದಿನಿಂದ ಅತ್ತೆ ಎರಡು ತುತ್ತಿಗೇ ಕೈ ತೊಳೆಯುತ್ತಾರೆ. ಊಟಕ್ಕೆ ಕುಳಿತಾಗಲೆಲ್ಲ ನನ್ನ ಮುಖವನ್ನೇ ನೋಡುತ್ತಾರೆ. ನಾನೊಮ್ಮೆ ಅತ್ತರೆ ಸಾಕಿತ್ತು, ಅವರಿಗೂ ನನಗೂ. ಒಳ್ಳೆಯ ಗಂಡನಿಗಾಗಿ ಅಷ್ಟೂ ಮಾಡಲಾಗದಿದ್ದರೆ ನಾನೆಂಥ ಹೆಂಡತಿ ಎಂದು ನನ್ನ ಮೇಲೇ ಸಿಟ್ಟು ಬರುತ್ತಿತ್ತು.

ಸೋಮವಾರ ಮತ್ತೆ ಕ್ಲಾಸಿಗೆ ಹೋದೆ. ಪಾಠ ಅದೇ. ಭುವನಾ ಎಂಬ ಹುಡುಗಿ ಎದ್ದು ವಾಕ್ಯಗಳನ್ನು ಓದಿದಳು. ರೈಲಿನದಾಯಿತು, ಮಳೆಯದಾಯಿತು, ರೋಗಿ ಬರಲೇ ಇಲ್ಲ.

“ನಡುವಿಂದು ಯಾಕ ಬಿಟ್ಟಿ?”

“ಮಾಲತೇಶಪ್ಪ ಸರ್ ಬ್ಯಾಡ ಅಂದಾರ್ರೀ ಮೇಡಂ.”

ಮಾಲತೇಶಪ್ಪ ನಮ್ಮ ಟ್ಯೂಷನ್ ನಡೆಸುವವರು. ಅವರ ಕರುಣೆ ಅವರಲ್ಲೇ ಇರಲಿ ಎಂದುಕೊಂಡು ಬೋರ್ಡಿನ ಮೇಲೆ ಆ ವಾಕ್ಯವನ್ನು ನಾನೇ ಬರೆದೆ. ಇದಾದರೂ ನನ್ನನ್ನು ಅಳಿಸೀತು ಎಂಬ ಆಸೆ.

“ಎಲ್ಲಾರೂ ಓದ್ರಿ.”

ಮೆಲ್ಲಗೆ ಓದಿದರು. ಭುವನಾ ಬಿಕ್ಕಿ ಬಿಕ್ಕಿ ಅತ್ತಳು. ನಾನು ಸೀಮೆಸುಣ್ಣ ಹಿಡಿದು ಕಾದೆ. ನನ್ನ ಕಿವಿಗೆ ಬಿದ್ದದ್ದು ಇಷ್ಟೇ: ಹಿಂದಿನ ಬೆಂಚಿನವರು ‘ವೆನ್’ ಬದಲು ‘ದ್ಯಾನ್’ ಎಂದಿದ್ದರು. ತಿದ್ದಿದೆ. ಇನ್ನೊಮ್ಮೆ ಓದಿಸಿದೆ. ಗಂಟೆ ಹೊಡೆಯಿತು.

ಸಂಜೆ ಬ್ಯಾಡಗಿಯಲ್ಲಿ ಬಸ್ಸಿಳಿದು ಮನೆಗೆ ಹೋಗದೆ ಮೆಣಸಿನಕಾಯಿ ಮಾರುಕಟ್ಟೆಗೆ ಹೋದೆ. ಕೆಂಪು ರಾಶಿಗಳ ನಡುವೆ ಹಮಾಲರು ಮೂಗಿಗೆ ಟವೆಲ್ ಕಟ್ಟಿಕೊಂಡು ಚೀಲ ಸುರಿಯುತ್ತಿದ್ದರು. ಮದುವೆಯಾದ ಹೊಸದರಲ್ಲಿ ಇಲ್ಲಿ ನಿಂತು ನಾನು ಸೀನಿ ಸೀನಿ ಕಣ್ಣೀರಿಟ್ಟಾಗ ಚಂದ್ರಪ್ಪ, “ನೀ ಬ್ಯಾಡಗಿ ಸೊಸಿ ಆಗಂಗಿಲ್ಲ ಬಿಡು” ಎಂದು ನಕ್ಕಿದ್ದರು. ನಾನು ರಾಶಿಯ ಹತ್ತಿರ ಬಗ್ಗಿದೆ.

“ಅಕ್ಕಾರ, ಆ ಕಡೆ ಸರೀರಿ, ಘಾಟು ಭಾಳ ಐತಿ,” ಎಂದ ಒಬ್ಬ ಹಮಾಲ.

ಸರಿಯಲಿಲ್ಲ. ಕಣ್ಣಲ್ಲಿ ನೀರು ಇಳಿಯತೊಡಗಿತು. ಅದು ಆರುವುದರೊಳಗೆ ತಲುಪಬೇಕೆಂದು, ಒರೆಸಿಕೊಳ್ಳದೆ, ಬಿರಬಿರನೆ ಮನೆಗೆ ನಡೆದೆ.

ಅತ್ತೆ ಹೊಸ್ತಿಲಲ್ಲಿದ್ದರು. “ಅಳಾಕತ್ತೀಯೇನ?”

“ಹೂಂನ್ರಿ.”

ಹತ್ತಿರ ಬಂದು ಸೆರಗಿನಿಂದ ನನ್ನ ಕೆನ್ನೆ ಒರೆಸಿದರು. ಆ ಸೆರಗನ್ನು ಮೂಗಿನ ಹತ್ತಿರ ಹಿಡಿದರು. ನಾನು ನೆಲ ನೋಡಿದೆ.

“ನೀರು ಹಚ್ಚಬ್ಯಾಡ, ಉರಿ ಏರತೈತಿ,” ಎಂದರು. “ತಣ್ಣನ ಹಾಲಿನ್ಯಾಗ ಅರಿವಿ ಅದ್ದಿ ಇಡತೇನಿ, ಕುಂದ್ರು.”

ಹೇಳಿದಂತೆಯೇ ಒದ್ದೆ ಬಟ್ಟೆಯನ್ನು ನನ್ನ ಕಣ್ಣ ಮೇಲಿಟ್ಟು ಪಕ್ಕದಲ್ಲಿ ಕುಳಿತರು. ಬಟ್ಟೆಯಾಚೆಯಿಂದ ಅವರ ದನಿ ಕೇಳಿತು.

“ಅವತ್ತ ಮಂದಿ ಮುಂದ ನನಗೂ ಅಳು ಬರಲಿಲ್ಲ, ನಿರ್ಮಲಾ. ಹಡದಾಕಿ ನಾನು. ಒಳಗ ಹೋಗಿ ಖಾರದ ಕೈಲೆ ಕಣ್ಣು ತಿಕ್ಕೊಂಡ ಬಂದೆ.”

ನಾನು ಅವರ ಕೈ ಹುಡುಕಿ ಹಿಡಿದುಕೊಂಡೆ. ಇಬ್ಬರೂ ಅಳಲಿಲ್ಲ.

“ಏಳು, ಉಣ್ಣೂಣು,” ಎಂದರು. ಅವತ್ತು ಇಬ್ಬರೂ ಹೊಟ್ಟೆ ತುಂಬ ಉಂಡೆವು.