ನಂದಾ ಬರೆದ ಮೂರನೆಯ ಷರತ್ತು

ನಂದಾಳ ಕುತ್ತಿಗೆಗೆ ಬಂದದ್ದು ನಂದಾಳೇ ಬರೆದ ಮಾತು. ಇನ್ನಾರನ್ನು ಬೈಯೋಣ ಹೇಳಿ!

ಸೊಲ್ಲಾಪುರದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವಳದು ಹಂಗಾಮಿ ನೌಕರಿ. 1998ರಲ್ಲಿ ಎಂಟು ಸಾದಾ ಕಂಪ್ಯೂಟರುಗಳನ್ನು ತಂತಿಯಿಂದ ಜೋಡಿಸಿ, ಒಂದೇ ದೊಡ್ಡ ಲೆಕ್ಕವನ್ನು ಎಂಟಕ್ಕೂ ಹಂಚಿ ಮಾಡಿಸುವ ಕ್ಲಸ್ಟರ್ ಕಟ್ಟಿದ್ದಳು. ಇಂಥ ಕೆಲಸಗಳಿಗೆ ಹಣ ಕೊಡುವ ಪುಣೆಯ ಸಮಿತಿ ಅವಳ ಅರ್ಜಿ ಒಪ್ಪಿದರೆ ಕ್ಲಸ್ಟರೂ ಉಳಿಯುತ್ತಿತ್ತು, ನೌಕರಿಯೂ ಕಾಯಂ ಆಗುತ್ತಿತ್ತು. ಇಂಥ ಕ್ಲಸ್ಟರ್ ಅಂದರೆ ಏನೆಂದು ಅರ್ಜಿಯಲ್ಲಿ ಅವಳೇ ಬರೆದಿದ್ದಳು. ಯಂತ್ರಗಳು ಯಾವ ಅಂಗಡಿಯಲ್ಲಾದರೂ ಸಿಗುವಂಥವಿರಬೇಕು. ನಡೆಸುವ ಪ್ರೋಗ್ರಾಮನ್ನು ಯಾರು ಬೇಕಾದರೂ ತೆರೆದು ಓದಿ ತಿದ್ದುವಂತಿರಬೇಕು. ಮೂರನೆಯದು, ಎಲ್ಲ ಯಂತ್ರಗಳೂ ಆ ಕೆಲಸಕ್ಕೇ ಮೀಸಲಿರಬೇಕು. ಇಷ್ಟು ಬಿಗಿಯಾಗಿ ಬರೆಯೆಂದು ಯಾರೂ ಹೇಳಿರಲಿಲ್ಲ, ಜಾಣೆ!

ಸಮಿತಿ ಬರುವ ವಾರವೇ ಆಫೀಸಿನ ಕಂಪ್ಯೂಟರ್ ಕೆಟ್ಟು ಕೂತಿತು. ಅಕ್ಕಲಕೋಟೆಯಿಂದ ದಿನಾ ನಂದಾಳ ಜೊತೆಗೇ ಬಸ್ಸಿಗೆ ಬರುವ, ಅವಳು ಚಿಕ್ಕಮ್ಮನಂತೆ ಮಾವಶಿ ಎಂದೇ ಕರೆಯುವ ಗುಮಾಸ್ತೆ ವೇಣೂಬಾಯಿ ಓಡಿ ಬಂದಳು.

"ಯವ್ವಾ, ಪರೀಕ್ಷಾ ನಾಕ ದಿನದಾಗ ಅದ. ಹಾಲ್ ಟಿಕೀಟ ತೆಗೀಲಿಲ್ಲಂದ್ರ ಹುಡುಗೂರು ಹೊರಗ ನಿಲ್ತಾರ. ನಿಮ್ಮ ಒಂದ ಮಶೀನ ಕೊಡ್ರಿ ಮ್ಯಾಡಂ."

"ಎಂಟೂ ಲೆಕ್ಕದಾಗ ಅದಾವ ಮಾವಶಿ. ಕಿತ್ತರ ಎಲ್ಲಾ ನಿಲ್ತದ," ಎಂದಳು ನಂದಾ. ವೇಣೂಬಾಯಿಯ ಮುಖ ನೋಡಿ ಕುರ್ಚಿ ಎಳೆದು ಕೊಟ್ಟಳು. "ಕೀಳಬ್ಯಾಡ್ರಿ. ಇಲ್ಲೇ ಕುಂತು ಎಂಟನೇದ್ರಾಗ ಹೊಡೀರಿ."

ಸಮಿತಿ ಬಂದ ದಿನ ಪ್ರಾಚಾರ್ಯರು ವೇಣೂಬಾಯಿಯನ್ನು ಚಹಾಕ್ಕೆ ಅಟ್ಟಿ, ಟಿಕೀಟುಗಳ ಕಟ್ಟನ್ನು ಕಪಾಟಿಗೆ ತುರುಕಿದ್ದರು. ಸಮಿತಿಯ ಹಿರಿಯರು ಅರ್ಜಿ ಓದಿ, ಎಂಟೂ ಈ ಕೆಲಸಕ್ಕಷ್ಟೇ ತಾನೇ ಎಂದು ಮರಾಠಿಯಲ್ಲಿ ಕೇಳಿದರು. ಹೂಂ ಅಂದಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಆದರೆ ತಾನೇ ಹಾಕಿದ ಗೆರೆಯನ್ನು ತಾನೇ ಅಳಿಸಿದರೆ ಕಟ್ಟಿದ್ದಕ್ಕೆ ಏನು ಅರ್ಥ ಅನ್ನಿಸಿತು ಅವಳಿಗೆ. ಇಲ್ಲ ಎಂದಳು. ನಡೆದದ್ದನ್ನೂ ಹೇಳಿದಳು.

"ಹಾಗಾದರೆ ನೀವು ಬರೆದ ಪ್ರಕಾರವೇ ಇದು ಕ್ಲಸ್ಟರ್ ಅಲ್ಲ," ಎಂದು ಅವರು ಫೈಲು ಮುಚ್ಚಿದರು. ದನಿಯಲ್ಲಿ ಸಿಟ್ಟೂ ಇರಲಿಲ್ಲ, ಮೆಚ್ಚುಗೆಯೂ ಇರಲಿಲ್ಲ. ಸಂಜೆ ಪ್ರಾಚಾರ್ಯರು ನಂದಾಳನ್ನು ಕರೆದು, ನಾಳೆಯಿಂದ ಬರುವುದು ಬೇಡ ಎಂದರು. ಕ್ಲಸ್ಟರಿಗೆ ಸುರಿದ ಇಡೀ ಎರಡು ವರ್ಷ ಮಣ್ಣುಪಾಲಾಯಿತು.

ಬಸ್ಸಿನಲ್ಲಿ, ನಂದಾಳ ನೌಕರಿ ಹೋದದ್ದು ಇನ್ನೂ ತಿಳಿಯದ ವೇಣೂಬಾಯಿ ಹಿಗ್ಗಿ ಹೀರೇಕಾಯಿಯಾಗಿದ್ದಳು.

"ಎಲ್ಲಾ ಟಿಕೀಟ ಆದುವ್ರಿ! ಎಂಟೂ ಮಶೀನ ಇನ್ನ ಆಫೀಸಿಗೇ ಅಂತ, ಸಾಹೇಬ್ರು ಹೇಳ್ಯಾರ. ನಿಮ್ಮ ಪುಣ್ಯಾ ಯವ್ವಾ. ಖರೇ ಹೇಳ್ತೀನಿ, ಎಂಟೂ ನಡಸೂದು ನನಗೇನೂ ತಿಳಿಯಂಗಿಲ್ಲ. ನಾಳೆ ಬಂದು ಕಲಿಸ್ತೀರಿ, ಹೌದಿಲ್ಲೋ?"

ನಂದಾ ಹೂಂ ಎಂದಳು.