ಮೂರನೇ ಅಧ್ಯಾಯದ ಅಡಿಟಿಪ್ಪಣಿ

ಹದಿನಾರು ವರ್ಷ ಸರ್ಜರಿ ವಾರ್ಡಿನಲ್ಲಿ ದುಡಿದ ನರ್ಸ್, ನಲವತ್ತರ ಹೊಸ್ತಿಲಲ್ಲಿ ಪಿಎಚ್.ಡಿ.ಗೆ ಸೇರಿದ್ದಳು. ಹಳೆಯ ಕಾಲದ ಆಸ್ಪತ್ರೆಗಳಲ್ಲಿ ಗಾಯದ ಆರೈಕೆ ಹೇಗಿತ್ತು ಎಂಬುದು ವಿಷಯ. ಮೂರನೇ ಅಧ್ಯಾಯ ಪೂರ್ತಿ ಒಂದು ಜರ್ಮನ್ ಲೇಖನದ ಮೇಲೆ ನಿಂತಿತ್ತು. ಅವಳಿಗೆ ಆ ಭಾಷೆಯ ಗಂಧಗಾಳಿಯಿಲ್ಲ. ಕಂಪ್ಯೂಟರಿನಿಂದ ಅನುವಾದ ಮಾಡಿಸಿ ಓದಿದಳು. ಮುಖ್ಯವಾದ ಎರಡು ಪುಟಗಳನ್ನು ಜರ್ಮನ್ ಟೀಚರೊಬ್ಬರಿಗೆ ತೋರಿಸಿ ತಿದ್ದಿಸಿಕೊಂಡಳು. ಅಷ್ಟನ್ನೂ ಮುಚ್ಚುಮರೆಯಿಲ್ಲದೆ ಅಡಿಟಿಪ್ಪಣಿಯಲ್ಲಿ ಬರೆದಳು.

ಗೈಡ್ ಅದರ ಮೇಲೆ ಕೆಂಪು ಗೆರೆ ಎಳೆದರು.

"ಇದನ್ನ ತೆಗೀಮ್ಮ. ಲೇಖನದ ಹೆಸರು ಹಾಕು, ಸಾಕು. ಹೇಗೆ ಓದಿದೆ ಅಂತ ಯಾರು ಕೇಳ್ತಾರೆ?"

"ಕೇಳದಿದ್ರೂ ಹೇಳ್ಬೇಕಲ್ವಾ ಸರ್? ಇಲ್ಲದಿದ್ರೆ ನನಗೆ ಜರ್ಮನ್ ಬರುತ್ತೆ ಅಂತ ಸುಳ್ಳು ಹೇಳಿದ ಹಾಗಾಗುತ್ತೆ."

"ಊರಿಗೊಬ್ಬಳೇ ಸತ್ಯವಂತೆ ನೀನು! ತೆಗೆಯೋವರೆಗೂ ನನ್ನ ಸಹಿ ಸಿಗಲ್ಲ."

ಮನೆಯಲ್ಲಿ ಅತ್ತೆ ಬಟ್ಟೆ ಮಡಿಸುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. "ಅಲ್ವೇ, ಆ ಮಹಾಶಯರಿಗೆ ಜರ್ಮನ್ ಬರುತ್ತೇನು?" ಎಂದರು.

ಅದು ಅವಳಿಗೆ ಹೊಳೆದೇ ಇರಲಿಲ್ಲ. ಗೈಡ್ ಕೂಡ ತಮ್ಮದೊಂದು ಪ್ರಬಂಧದಲ್ಲಿ ಅದೇ ಲೇಖನವನ್ನು ಉಲ್ಲೇಖಿಸಿದ್ದರು. ಹುಡುಕಿ ತೆಗೆದಳು. 'ರೋಗಿಗಳ ಅಕ್ಕತಂಗಿಯರು ಪಾಳಿಯ ಮೇಲೆ ಬಂದು ಗಾಯ ತೊಳೆಯುತ್ತಿದ್ದರು' ಎಂದಿತ್ತು. ಆ ನಾಡಿನ ಕುಟುಂಬಪ್ರೀತಿಯ ಬಗ್ಗೆ ಒಂದಿಡೀ ಪುಟ ಹೊಗಳಿಕೆ ಬೇರೆ. ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಮೊದಲು ಅವಳಿಗೂ ಕಂಪ್ಯೂಟರು ಅಕ್ಕತಂಗಿಯರನ್ನೇ ಕೊಟ್ಟಿತ್ತು. ಜರ್ಮನ್‌ನಲ್ಲಿ ನರ್ಸಿಗೂ ಅದೇ ಪದ ಎಂದು ಟೀಚರು ತಿದ್ದಿದ್ದರು.

ಮರುದಿನ ಆ ಪ್ರಬಂಧವನ್ನು ಗೈಡ್ ಮುಂದಿಟ್ಟಳು. "ಸರ್, ಇವರು ಯಾರ ಅಕ್ಕತಂಗೀರೂ ಅಲ್ಲ, ನರ್ಸ್‌ಗಳು. ವಾರ್ಡಲ್ಲಿ ನನ್ನನ್ನೂ ಸಿಸ್ಟರ್ ಅಂತಾರೆ. ಹಾಗಂತ ರೋಗಿಗಳೆಲ್ಲ ನನ್ನ ಅಣ್ಣಂದಿರಾ?"

ಗೈಡ್ ಎದ್ದು ಬಾಗಿಲು ಮುಚ್ಚಿ ಬಂದರು. "ನಿನ್ನ ಟಿಪ್ಪಣಿ ಇಟ್ಕೊ. ಸಹಿ ಈಗಲೇ ಹಾಕ್ತೀನಿ. ನನ್ನ ವಿಷಯ ಮಾತ್ರ ಹೊರಗೆ ಬೇಡ."

"ಆಗಲ್ಲ ಸರ್. ನಿಮ್ಮನ್ನ ನಂಬಿ ಈಗಾಗಲೇ ನಾಲ್ಕು ಜನ ಆ ಅಕ್ಕತಂಗೀರ ಬಗ್ಗೆ ಬರೆದಿದ್ದಾರೆ. ಪ್ರಬಂಧ ಅಚ್ಚಾದ ಪತ್ರಿಕೆಗೆ ನೀವೇ ತಿದ್ದುಪಡಿ ಕಳಿಸಿ. ಇಲ್ಲದಿದ್ರೆ ನಾನು ಬರೀತೀನಿ."

ಅವರು ಕಳಿಸಲಿಲ್ಲ. ಅವಳು ಬರೆದಳು. ಗೈಡನ್ನು ಬದಲಾಯಿಸಲು ಅವಳೇ ಅರ್ಜಿ ಕೊಟ್ಟದ್ದರಿಂದ ಒಂದು ವರ್ಷ ಹೆಚ್ಚೇ ಹಿಡಿಯಿತು. ಡ್ಯೂಟಿ ಮುಗಿಸಿ ಬಂದು, ಊದಿಕೊಂಡ ಕಾಲನ್ನು ಸ್ಟೂಲಿನ ಮೇಲಿಟ್ಟು, ಒಂದೊಂದೇ ಪುಟ ಮುಗಿಸಿದಳು.

ಮೌಖಿಕ ಪರೀಕ್ಷೆಗೆ ಹೊರಗಿನಿಂದ ಬಂದ ಪರೀಕ್ಷಕಿ ಮೂರನೇ ಅಧ್ಯಾಯದ ಅಡಿಟಿಪ್ಪಣಿ ತೋರಿಸಿ, "ಇದನ್ನ ಬರೆಯೋಕೆ ಭಯ ಆಗ್ಲಿಲ್ವಾ?" ಎಂದು ಕೇಳಿದರು.

"ಆಯ್ತು ಮೇಡಂ. ಆದ್ರೂ ಬರೆದೆ."

ಪದವಿ ಬಂತು. ಹಳೆಯ ಗೈಡ್ ಈಗಲೂ ವಿಶ್ವವಿದ್ಯಾಲಯದ ಕಾರಿಡಾರಿನಲ್ಲಿ ಎದುರಾದರೆ ಗೋಡೆ ನೋಡಿಕೊಂಡು ಹೋಗುತ್ತಾರೆ. ಅವಳು ಗಟ್ಟಿಯಾಗಿಯೇ ನಮಸ್ಕಾರ ಹೇಳುತ್ತಾಳೆ.