ಆರನೆಯ ಕೋಣೆಯ ಹೂಳು

ದೋನ್ಕಾಳ ಬಳಿ ನಲವತ್ತೈದು ಕಿಲೋ ಮೀನು ಇಡಲು ಜಾಗ ಇರಲಿಲ್ಲ.

ಬೇರೆ ವರ್ಷವಾಗಿದ್ದರೆ ಅದೊಂದು ತಾಪತ್ರಯವೇ ಅಲ್ಲ. ಪ್ರೆಸ್ಪಾ ಸರೋವರದ ದಡದಲ್ಲಿರುವ ನಮ್ಮೂರಲ್ಲಿ ಡಿಸೆಂಬರ್ ಹುಟ್ಟಿದ ಮೇಲೆ ಮೀನನ್ನು ಹಿತ್ತಲ ಚಪ್ಪರದಲ್ಲಿ ಬೆಕ್ಕಿಗೆ ಎಟುಕದಂತೆ ತೂಗುಹಾಕಿದರೆ ಸಾಕು, ವಾರವಾದರೂ ಕೆಡುತ್ತಿರಲಿಲ್ಲ. ಆ ವರ್ಷ ಮಾತ್ರ ಡಿಸೆಂಬರಿನಲ್ಲೂ ಹದಿನಾಲ್ಕು ಡಿಗ್ರಿ. ಅಂಗಳದಲ್ಲಿ ನೊಣ ಹಾರುತ್ತಿದ್ದವು. ದೋನ್ಕಾಳ ಗಂಡ ಗ್ಲಿಗೋರ್ ಸತ್ತು ಶನಿವಾರಕ್ಕೆ ನಲವತ್ತು ದಿನ ತುಂಬುತ್ತಿತ್ತು. ಸೇಬು ಕೀಳುತ್ತಿದ್ದವನು ಬುಟ್ಟಿಯನ್ನು ಕೊರಳಿಗೆ ಹಾಕಿಕೊಂಡೇ ಮರದ ಬುಡದಲ್ಲಿ ಕುಸಿದು ಸತ್ತಿದ್ದ. ಕ್ರಿಸ್‌ಮಸ್‌ಗೆ ಮುಂಚಿನ ಉಪವಾಸ ನಡೆಯುತ್ತಿದ್ದುದರಿಂದ ನಲವತ್ತರ ಊಟಕ್ಕೆ ಮಾಂಸ ಮಾಡುವ ಹಾಗಿಲ್ಲ. ಮೀನೇ ಆಗಬೇಕು, ಬಂದವರಿಗೆಲ್ಲ ಆಗಬೇಕು. ಬುಧವಾರದಿಂದ ದೊಡ್ಡ ಗಾಳಿ ಎಂದು ಸುದ್ದಿಯಿದ್ದುದರಿಂದ ಬಲೆಯವರು ಮಂಗಳವಾರವೇ ಸರೋವರಕ್ಕೆ ಹೋಗಿ, ಅವಳು ಹೇಳಿದ್ದ ಗೆಂಡೆ ಮೀನನ್ನೆಲ್ಲ ಅಂಗಳದಲ್ಲಿ ಸುರಿದು ಹೋಗಿದ್ದರು.

ಅವಳು ನನ್ನ ಹತ್ತಿರ ಬಂದಳು.

"ಕುಜ್ಮಾನ್, ನಿಮ್ಮ ಕೆಸರಿನ ಕೋಣೆ ಕೀಲಿ ಕೊಡೋ."

"ಯಾಕೆ ದೊಡ್ಡಮ್ಮಾ?"

"ಮೀನಿಡೋಕೆ. ಮತ್ತೇನು, ನಾನು ಹೋಗಿ ಮಲಗೋಕಾ?"

ಊರಾಚೆ ಹಳೆಯ ಸಹಕಾರ ಸಂಘದ ಶೀತಲ ಗೋದಾಮಿದೆ. ಅದರಲ್ಲಿ ಆರು ಕೋಣೆ. ಐದರಲ್ಲಿ ಸೇಬು. ಆರನೆಯದು ಹಿಂದೆ ಮಾಂಸ ಹೆಪ್ಪುಗಟ್ಟಿಸಲು ಕಟ್ಟಿದ್ದು. ಅದನ್ನು ನಾನು ಸಹಾಯಕನಾಗಿ ದುಡಿಯುವ ಸರೋವರ ಅಧ್ಯಯನದ ಕೇಂದ್ರ ಬಾಡಿಗೆಗೆ ಹಿಡಿದಿತ್ತು.

"ಲಾಂಬೆ ಮಾಮನ್ನ ಕೇಳು. ಗೋದಾಮು ನೋಡ್ಕೊಳ್ಳೋನು ಅವನೇ ತಾನೆ."

"ಕೇಳ್ದೆ. ಸೇಬಿನ ಪಕ್ಕ ಮೀನಿಟ್ರೆ ವ್ಯಾಪಾರಿ ಬಂದು ಮೂಸಿ, ಮುಖಕ್ಕೆ ಉಗಿದು ಹೋಗ್ತಾನಂತೆ. ನಿಮ್ಮ ಕೆಸರನ್ನ ಯಾರು ಮೂಸ್ತಾರೆ?"

ಅವಳು ಮುಂದುವರಿಸಿದಳು. "ಅದನ್ನ ಮೇಲೆತ್ತಿದ್ದು ನನ್ನ ಗಂಡ ಕಣೋ. ಅವನ ಊಟಕ್ಕೆ ಮೂರು ದಿನ ಜಾಗ ಕೊಡೋಕೂ ನಿಮ್ಮ ಡಾಕ್ಟ್ರಮ್ಮನ ಸಹಿ ಬೇಕಾ?"

ಡಾಕ್ಟ್ರಮ್ಮ ಎಂದರೆ ಫಾನಿಯಾ. ನನ್ನ ಮೇಲಿನವರು, ರಾಜಧಾನಿ ಸ್ಕೋಪ್ಯೆಯ ಭೂವಿಜ್ಞಾನಿ. ಆರು ವರ್ಷದಿಂದ ಅವರು ಒಂದೇ ಪ್ರಶ್ನೆಯ ಹಿಂದೆ ಬಿದ್ದಿದ್ದರು. ನಮ್ಮ ಸರೋವರ ಇಳಿಯುತ್ತಿದೆ. ನನ್ನ ಅಪ್ಪ ನೀರಿಗೆ ಹಾರುತ್ತಿದ್ದ ಕಟ್ಟೆಯ ಸುತ್ತ ಈಗ ಜೊಂಡು ಬೆಳೆದು ಹಸು ಮೇಯುತ್ತವೆ. ಪಂಪು, ಕಾಲುವೆ ಏನೂ ಇಲ್ಲದ ಕಾಲದಲ್ಲೂ ಸರೋವರ ಒಮ್ಮೆ ಹೀಗೆ ಇಳಿದಿತ್ತೆಂದು ಹೂಳು ಹೇಳುತ್ತಿತ್ತು. ಇಳಿದದ್ದು ಮತ್ತೆ ತುಂಬಲು ಎಷ್ಟು ವರ್ಷ ಹಿಡಿಯಿತು? ಅದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

ಅದನ್ನು ಎಣಿಸುವ ದಾರಿ ಒಂದೇ ಇತ್ತು. ಸರೋವರದ ತಳದಲ್ಲಿ, ನಾವು ಕೊರೆಯಲು ಆರಿಸಿದ ಒಂದು ತಗ್ಗಿನಲ್ಲಿ, ಆ ಕಾಲದ ಹೂಳು ಕಲಕದೆ ಕೂತಿತ್ತು. ಬೇಸಿಗೆಗೊಂದು ಬಿಳಿ ಗೆರೆ, ಚಳಿಗಾಲಕ್ಕೊಂದು ಕಪ್ಪು ಗೆರೆ. ಎರಡು ಸೇರಿದರೆ ಒಂದು ವರ್ಷ. ಕೆಲವು ಕಡೆ ಗೆರೆಗಳು ಕೂದಲಿನಷ್ಟು ತೆಳು. ಎರಡು ಶರತ್ಕಾಲ ನಾವು ಅದನ್ನೆತ್ತಲು ಹೋಗಿ ಸೋತಿದ್ದೆವು; ತಳಕ್ಕೆ ಚುಚ್ಚಿದ ಕೊಳವೆ ಮೇಲೆ ಬರುವಷ್ಟರಲ್ಲಿ ಅದರೊಳಗಿನ ಹೂಳು ಗಂಜಿಯಾಗಿರುತ್ತಿತ್ತು. ಮೂರನೆಯ ಸಲ ತೆಪ್ಪದ ಮೇಲೆ ಗ್ಲಿಗೋರ್ ಸರಪಳಿ ಹಿಡಿದ. ಕೊಳವೆ ಮೆತ್ತಗಿನ ಹೂಳಿಗಿಳಿಯುತ್ತಿದೆಯೋ ಮರಳನ್ನು ಕಚ್ಚುತ್ತಿದೆಯೋ ಎಂದು ಅವನಿಗೆ ಅಂಗೈಯಲ್ಲೇ ತಿಳಿಯುತ್ತಿತ್ತು. ಒಂದು ಕೊಳವೆ ಎತ್ತಲು ಒಂದು ಗಂಟೆ ತೆಗೆದುಕೊಳ್ಳುತ್ತಿದ್ದ. ಎಂಬತ್ತು ಸೆಂಟಿಮೀಟರಿನ ಮೂರು ಕೊಳವೆ, ಒಂದಕ್ಕಿಂತ ಒಂದು ಆಳದಿಂದ, ಹಾಗೆ ಮೇಲೆ ಬಂದವು.

"ತಗೊಳ್ಳಿ ಡಾಕ್ಟ್ರಮ್ಮಾ, ನಿಮ್ಮ ಮುತ್ತಜ್ಜನ ಮುತ್ತಜ್ಜ," ಎಂದಿದ್ದ. "ಮೆತ್ತಗೆ ಹಿಡೀರಿ, ಒದ್ದೆ ಮಾಡ್ಕೊಂಡಿದಾನೆ."

ಕೊಳವೆಗಳನ್ನು ಉದ್ದಕ್ಕೆ ಸೀಳಿದೆವು. ಒಂದೊಂದು ಅರ್ಧವನ್ನು ತುಂಡುಮಾಡಿ ಪರಾಗ, ಸುಣ್ಣ, ಬೂದಿ ಎಂದು ಬೇರೆಬೇರೆ ಪರೀಕ್ಷೆಗೆ ಕಳಿಸಿದ್ದಾಯಿತು. ಇನ್ನರ್ಧ ಪ್ಲಾಸ್ಟಿಕ್ ಹಾಳೆ ಸುತ್ತಿಕೊಂಡು ಆರನೆಯ ಕೋಣೆಯ ಕಪಾಟಿನಲ್ಲಿ ಮಲಗಿತ್ತು. ಸೋಮವಾರ ಲಾರಿ ಬಂದು ಅವನ್ನು ಜರ್ಮನಿಗೆ ಒಯ್ಯಬೇಕು, ಅಲ್ಲಿನ ಯಂತ್ರ ಗೆರೆಗಳನ್ನು ಓದಬೇಕು. ಅಲ್ಲಿಯವರೆಗೆ ನಾಲ್ಕು ಡಿಗ್ರಿ. ಹೆಚ್ಚಾದರೆ ಬೂಷ್ಟು. ಕಡಿಮೆಯಾದರೆ ಏನು ಎಂದು ಫಾನಿಯಾ ಹೇಳಿರಲಿಲ್ಲ, ನಾನು ಕೇಳಿರಲಿಲ್ಲ. ಮತ್ತೊಮ್ಮೆ ಕೊರೆಯುವ ಮಾತಿರಲಿಲ್ಲ. ತೆಪ್ಪ ಹಿಂದಕ್ಕೆ ಹೋಗಿತ್ತು, ಗ್ಲಿಗೋರ್ ಮಣ್ಣಾಗಿದ್ದ.

ಫೋನ್ ಮಾಡಿ ಕೇಳಿದ್ದರೆ ಫಾನಿಯಾ ಬೇಡ ಎನ್ನುತ್ತಿದ್ದರು. ಅದು ಗೊತ್ತಿದ್ದದ್ದರಿಂದಲೇ ಕೇಳಲಿಲ್ಲ. ಕೀಲಿ ಕೊಟ್ಟೆ.

ಲಾಂಬೆಗೆ ಹೇಳಿದ್ದು ಇಷ್ಟು: "ಮೀನಿನ ಪೆಟ್ಟಿಗೆ ಮೂಲೆಗಿಡು ಮಾಮಾ, ಕಪಾಟು ಮುಟ್ಟಬೇಡ, ಬಾಗಿಲು ಸರಿಯಾಗಿ ಹಾಕು." ಅವನು ಕಪಾಟು ಮುಟ್ಟಲಿಲ್ಲ, ಬಾಗಿಲನ್ನೂ ಸರಿಯಾಗಿಯೇ ಹಾಕಿದ. ನಾನು ಬುಧವಾರ ಬೆಳಿಗ್ಗೆ ಬಿತೊಲಾ ಪಟ್ಟಣಕ್ಕೆ ಹೋದೆ. ಕೊಳವೆ ಸಾಗಿಸುವ ಪೆಟ್ಟಿಗೆ ಮಾಡಿಸಿ, ಒಳಗೆ ಸ್ಪಂಜು ಅಂಟಿಸಿಕೊಂಡು ಬರುವಾಗ ಶುಕ್ರವಾರ ಕತ್ತಲಾಗಿತ್ತು.

ಶನಿವಾರ ಬೆಳಿಗ್ಗೆ ಆರಕ್ಕೆ ಮೀನು ತೆಗೆಯಲು ಹೋದೆವು. ಲಾಂಬೆ ಬಾಗಿಲ ಹಿಡಿ ಎಳೆದ. ಬಾಗಿಲು ಕಿತ್ತು ಬಂದಂತೆ ಸದ್ದಾಯಿತು. ಒಳಗಿನಿಂದ ಬಿಳಿ ಮಂಜು ಕಾಲಿಗೆ ಉರುಳಿತು.

"ನೋಡು," ಎಂದ ಲಾಂಬೆ, ಒಂದು ಮೀನೆತ್ತಿ ಪೆಟ್ಟಿಗೆಗೆ ಬಡಿದು. ಸೌದೆಯ ಹಾಗೆ ಸದ್ದು ಮಾಡಿತು. "ಈಗ ತಾನೇ ಹಿಡಿದ ಹಾಗಿದೆ."

"ಎಷ್ಟಕ್ಕಿಟ್ಟಿದೀಯ ಮಾಮಾ?"

"ಹದಿನೆಂಟು."

"ಮೈನಸ್ಸಾ?"

"ಅಲ್ಲ, ಬೇಸಿಗೆ! ನಾಲ್ಕಲ್ಲಿ ಗೆಂಡೆ ಮೂರು ದಿನ ನಿಲ್ಲುತ್ತೇನೋ? ಪಾದ್ರಿ ಮುಂದೆ ನಾತ ಹೊಡೆಸ್ಲಾ?"

ನಾನು ಕಪಾಟಿನ ಕಡೆ ನೋಡಿದೆ. ಪ್ಲಾಸ್ಟಿಕ್ ಹಾಳೆಯ ಒಳಗೆ ಮಂಜಿನ ಬಿಳಿ ಹೂವು ಬಿಟ್ಟಿತ್ತು. ಒಂದು ಕೊಳವೆಯ ಮೇಲೆ ಬೆರಳಿಟ್ಟೆ. ಹೂಳು ಕಲ್ಲಾಗಿ, ಅಂಚಿಗಿಂತ ಮೇಲೆ ಉಬ್ಬಿತ್ತು.

"ಮಾಮಾ, ಇದು ಹೆಪ್ಪುಗಟ್ಟಿದೆ."

"ಕೆಸರು ತಾನೆ. ಕೆಸರಿಗೂ ನೆಗಡಿ ಆಗುತ್ತಾ?" ಎಂದವನು ನನ್ನ ಮುಖ ನೋಡಿ ದನಿ ತಗ್ಗಿಸಿದ. "ಸಾವಿರ ವರ್ಷ ನೀರಿನ ತಳದಲ್ಲಿ ಬಿದ್ದಿತ್ತು ಅಂತೀರಿ. ಮೂರು ದಿನದ ಚಳಿಗೆ ಏನಾಗುತ್ತೆ?"

ತಳದಲ್ಲಿ ಸಾವಿರ ವರ್ಷವೂ ಅದು ಒಮ್ಮೆಯೂ ಹೆಪ್ಪುಗಟ್ಟಿರಲಿಲ್ಲ. ಅದನ್ನು ಅವನಿಗೆ ಹೇಳಿ ಉಪಯೋಗವಿರಲಿಲ್ಲ.

"ಡಾಕ್ಟ್ರಮ್ಮ ಎಷ್ಟೊತ್ತಿಗೆ ಬರ್ತಾರೆ?" ಎಂದ.

"ಹತ್ತರ ಬಸ್ಸಿಗೆ. ಚರ್ಚು, ಊಟ ಮುಗಿಸಿ ಇಲ್ಲಿಗೆ ಬರ್ತಾರೆ."

"ಹಾಗಿದ್ರೆ ಮೂರು ಗಂಟೆ ಆಗುತ್ತೆ. ಕರಗಿಸಿಬಿಡೋಣ. ನೀರು ಗಟ್ಟಿಯಾಗಿತ್ತು, ಮತ್ತೆ ನೀರಾಯ್ತು. ಯಾರಿಗೆ ಗೊತ್ತಾಗುತ್ತೆ?"

ಸೇಬಿನ ಡಬ್ಬ ಒಣಗಿಸುವ ಬಿಸಿಗಾಳಿಯ ಯಂತ್ರವನ್ನು ಅವನು ತಳ್ಳಿಕೊಂಡು ಬಂದ. ಬೇಡ ಎನ್ನಲು ನನಗೆ ಬಾಯಿತ್ತು. ಎನ್ನಲಿಲ್ಲ. ತಂತಿಯ ತುದಿ ಹಿಡಿದು ಪ್ಲಗ್ ಹುಡುಕಿದವನು ನಾನೇ. ಕೋಣೆಯ ತಂಪು ಆರಿಸಿ, ಯಂತ್ರದ ಮೂತಿಯನ್ನು ಕಪಾಟಿಗೆ ತಿರುಗಿಸಿ, ಮೀನಿನ ಪೆಟ್ಟಿಗೆಗಳನ್ನು ಗಾಡಿಗೆ ಹೇರಿಕೊಂಡು ಹೊರಟೆವು.

ಸಮಾಧಿಯ ಮೇಲೆ ದೋನ್ಕಾ ವೈನು ಸುರಿದಳು. ಪಾದ್ರಿ ಬೇಗಬೇಗ ಓದಿ ಮುಗಿಸಿದರು. ಅವರಿಗೆ ಇನ್ನೊಂದು ಊರಲ್ಲೂ ನಲವತ್ತಿತ್ತು. ಬೇಯಿಸಿದ ಗೋಧಿಗೆ ಸಕ್ಕರೆ ಕಲಸಿ ಒಂದೊಂದು ಚಮಚ ಕೊಟ್ಟರು. "ದೇವರು ಅವನನ್ನ ಮನ್ನಿಸಲಿ," ಎಂದು ಒಬ್ಬೊಬ್ಬರೂ ಹೇಳಿ ನುಂಗಿದರು. ಫಾನಿಯಾ ಕಪ್ಪು ಕೋಟು ತೊಟ್ಟು ನನ್ನ ಪಕ್ಕ ನಿಂತಿದ್ದರು. ಸೆಕೆಗೆ ಕೋಟಿನ ಗುಂಡಿ ಬಿಚ್ಚಿಕೊಂಡಿದ್ದರು.

"ಪೆಟ್ಟಿಗೆ ಆಯ್ತಾ?" ಎಂದು ಪಿಸುಗುಟ್ಟಿದರು.

"ಆಯ್ತು ಮೇಡಂ."

"ಸ್ಪಂಜು?"

"ಹಾಕಿಸಿದೀನಿ."

ಊಟಕ್ಕೆ ಎಂಬತ್ತು ಜನ. ಮಣ್ಣಿನ ಪಾತ್ರೆಯಲ್ಲಿ ಬೇಯಿಸಿದ ಬೀನ್ಸ್, ಉಪ್ಪಿನಲ್ಲಿಟ್ಟ ಮೆಣಸಿನಕಾಯಿ, ಬ್ರೆಡ್ಡು, ಕರಿದ ಗೆಂಡೆ. ಸಾವಿನ ಊಟವಾದ್ದರಿಂದ ಗ್ಲಾಸಿಗೆ ಗ್ಲಾಸು ತಾಗಿಸುವಂತಿಲ್ಲ. ಎಲ್ಲರೂ ಹಣ್ಣಿನ ಸಾರಾಯಿ ರಾಕಿಯಾವನ್ನು ಸುಮ್ಮನೆ ಎತ್ತಿ ಕುಡಿದರು. ದೋನ್ಕಾ ಫಾನಿಯಾರ ತಟ್ಟೆಗೆ ಎರಡನೆಯ ಮೀನು ಹಾಕಿದಳು.

"ಸಾಕು ದೋನ್ಕಾ."

"ತಿನ್ನಿ ಡಾಕ್ಟ್ರಮ್ಮಾ. ಕೆಸರು ನೋಡಿ ನೋಡಿ ಕಡ್ಡಿ ಆಗಿದೀರ. ಹೇಗಿದೆ?"

"ಚೆನ್ನಾಗಿದೆ. ಈ ಸೆಕೇಲಿ ಮೂರು ದಿನ ಹೇಗಿಟ್ರಿ?"

ದೋನ್ಕಾ ನನ್ನ ಕಡೆ ನೋಡಿದಳು. "ಕುಜ್ಮಾನ್ ಒಳ್ಳೆ ಹುಡುಗ," ಎಂದು ಮುಂದಿನ ಮೇಜಿಗೆ ಹೋದಳು. ಫಾನಿಯಾ ಮುಳ್ಳು ಬಿಡಿಸುವುದರಲ್ಲಿದ್ದರು.

ಎದುರು ಕೂತಿದ್ದ ಬಲೆಯವನೊಬ್ಬ ಕೇಳಿದ. "ಅಲ್ಲಾ ಡಾಕ್ಟ್ರಮ್ಮಾ, ಗ್ಲಿಗೋರ್ ಎತ್ತಿದ ಕೆಸರು ಏನಾದ್ರೂ ಬಾಯಿ ಬಿಡ್ತಾ? ನೀರು ವಾಪಸ್ ಬರುತ್ತಾ, ಇಲ್ಲಾ ನಾನು ದೋಣಿ ಮಾರಿ ಕುರಿ ತಗೊಳ್ಳಾ?"

"ಹಿಂದೆ ಒಮ್ಮೆ ಬಂದಿದೆ."

"ಎಷ್ಟು ವರ್ಷಕ್ಕೆ? ನಾನು ಇರ್ತೀನಾ, ನನ್ನ ಮಗ ಇರ್ತಾನಾ, ಅದನ್ನ ಹೇಳಿ."

"ಮಾರ್ಚಿಗೆ ಹೇಳ್ತೀನಿ. ಎಣಿಸಿ ಹೇಳ್ತೀನಿ. ಎಲ್ಲಕ್ಕಿಂತ ಆಳದ ಕೊಳವೆಯ ತಳಭಾಗದಲ್ಲಿ ಗೆರೆ ದಪ್ಪ ಇತ್ತು, ಕಣ್ಣಲ್ಲೇ ಇನ್ನೂರ ಹನ್ನೆರಡು ಎಣಿಸಿದೀನಿ. ಅಷ್ಟು ವರ್ಷವೂ ನೀರು ಇಳೀತಾನೇ ಇತ್ತು. ಏರಿದ್ದು ಯಾವಾಗ ಅನ್ನೋದು ಅದರ ಮೇಲೆ ಉಳಿದಿದ್ರಲ್ಲಿದೆ." ಅವರು ನನ್ನ ಭುಜ ತಟ್ಟಿದರು. "ಈ ಊರಲ್ಲೇ ಇದೆ, ನಿಮ್ಮ ಸೇಬಿನ ಪಕ್ಕದಲ್ಲೇ."

ಆ ಹೊತ್ತಿಗೆ ಬಿಸಿಗಾಳಿ ಆರು ಗಂಟೆಯಿಂದ ಬೀಸುತ್ತಿತ್ತು. ಆಗಲೂ ಎದ್ದು ಓಡಬಹುದಿತ್ತು. ನಾನು ಬ್ರೆಡ್ಡು ಮುರಿದು ಬೀನ್ಸಿನಲ್ಲಿ ಅದ್ದಿದೆ.

ಬಾಗಿಲಾಚೆ ಕೈತೊಳೆಯುವಲ್ಲಿ ಫಾನಿಯಾರಿಗೆ ಹೇಳಿದೆ. ಮೀನು, ಕೀಲಿ, ಹದಿನೆಂಟು ಎಲ್ಲ ಹೇಳಿದೆ. ಅವರು ಕೈ ಒರೆಸಿಕೊಳ್ಳಲಿಲ್ಲ. ಬೈಯಲೂ ಇಲ್ಲ.

"ಈಗ ಹೇಗಿದೆ?" ಎಂದರು. "ಇನ್ನೂ ಗಟ್ಟಿ ಇದೆ ತಾನೆ? ಗಟ್ಟಿ ಇದ್ರೆ ಹಾಗೇ ಇರ್ಲಿ. ಯಾರೂ ಮುಟ್ಬೇಡಿ. ಹೆಪ್ಪಲ್ಲೇ ಕತ್ತರಿಸ್ತೀನಿ. ಗೆರೆ ಡೊಂಕಾಗಿರುತ್ತೆ, ಆದ್ರೂ ಇರುತ್ತೆ. ಅರ್ಧ ಸಿಕ್ಕಿದ್ರೂ ಸಾಕು. ಕುಜ್ಮಾನ್?"

"ಕರಗ್ತಾ ಇದೆ ಮೇಡಂ," ಎಂದೆ.

ಅವರು ಗೋದಾಮಿನವರೆಗೆ ಓಡಿದರು. ಊಟದ ಜನ ಕಿಟಕಿಯಿಂದ ನೋಡಿದರು. ಲಾಂಬೆ ಆರನೆಯ ಕೋಣೆಯ ಮುಂದೆ ಟೋಪಿ ತೆಗೆದು ನಿಂತಿದ್ದ. ಬಾಗಿಲಿನಿಂದಲೇ ಬಿಸಿ ಮುಖಕ್ಕೆ ಬಡಿಯಿತು. ಕೋಣೆಯಲ್ಲಿ ಮೀನಿನ ವಾಸನೆ, ಒದ್ದೆ ನೆಲ. ಕಪಾಟಿನ ಕೆಳಗೆ ಬೂದು ನೀರು ತೊಟ್ಟಿಕ್ಕುತ್ತಿತ್ತು. ಯಂತ್ರವನ್ನು ಫಾನಿಯಾ ಕಾಲಿಂದ ಒದ್ದು ಆರಿಸಿದರು.

ಮೊದಲ ಕೊಳವೆಯ ಹಾಳೆ ಬಿಚ್ಚಿದರು. ಹೂಳು ಕುಸಿದಿತ್ತು. ಮಂಜಿನ ಸೂಜಿಗಳು ಗೆರೆಗಳನ್ನು ಸೀಳಿ ಎತ್ತಿದ್ದವು; ಕರಗಿದ ನೀರು ಅವನ್ನೆಲ್ಲ ಕಲಸಿ ಒಂದು ಕಡೆಗೆ ಹರಿಸಿತ್ತು. ಎರಡನೆಯದು ಬಿಚ್ಚಿದರು. ಮೂರನೆಯದರಲ್ಲಿ ತುದಿಯ ಹತ್ತಿರ ಒಂದು ಬೆರಳಗಲ ಇನ್ನೂ ಗಟ್ಟಿಯಿತ್ತು. ಅವರು ಜೇಬಿನಿಂದ ಭೂತಗನ್ನಡಿ ತೆಗೆದು ಅದರ ಮೇಲೆ ಬಾಗಿದರು. ನೋಡುತ್ತಿದ್ದಂತೆ ಅದೂ ಸಡಿಲಿತು.

"ಡಾಕ್ಟ್ರಮ್ಮಾ, ಕೆಸರು ಎಲ್ಲಾ ಅಲ್ಲೇ ಇದೆ," ಎಂದ ಲಾಂಬೆ. "ಒಂದು ಹನಿ ಹೊರಗೆ ಚೆಲ್ಲಿಲ್ಲ. ತೂಕ ಹಾಕಿ ನೋಡಿ ಬೇಕಾದ್ರೆ."

"ಯಂತ್ರ ಹಚ್ಚಿದ್ದು ಯಾರು?"

"ನಾನು," ಎಂದ ಲಾಂಬೆ.

"ಪ್ಲಗ್ ಹಾಕಿದ್ದು ನಾನು ಮೇಡಂ," ಎಂದೆ.

"ಯಾಕೆ?"

"ನಿಮಗೆ ಗೊತ್ತಾಗದಿರ್ಲಿ ಅಂತ."

ಅವರು ತಲೆಯಾಡಿಸಿದರು, ಲೆಕ್ಕದ ಉತ್ತರ ಸರಿಯಿದೆ ಎನ್ನುವ ಹಾಗೆ. ಕೋಟಿನ ಜೇಬಿನಿಂದ ಫೋನ್ ತೆಗೆದು ಲಾರಿಯವನಿಗೆ ಸೋಮವಾರ ಬರುವುದು ಬೇಡವೆಂದು ಹೇಳಿದರು. ಅವನು ಕಾರಣ ಕೇಳಿರಬೇಕು. "ಸರಕು ಇಲ್ಲ," ಎಂದರು.

ಸಂಜೆ ಕೇಂದ್ರದ ದಾಖಲೆಪುಸ್ತಕವನ್ನು ನನ್ನ ಮುಂದಿಟ್ಟು ಬರೆಯಲು ಹೇಳಿದರು. ಯಾರ ಹೆಸರೂ ಬೇಡ, ಕಾರಣವೂ ಬೇಡ, ಹೋದದ್ದಷ್ಟೇ ಬರಿ ಎಂದರು. ನಾನು ಬರೆದೆ.

ಮೂರು ಕೊಳವೆ. ಎರಡು ಮೀಟರ್ ನಲವತ್ತು ಸೆಂಟಿಮೀಟರ್ ಹೂಳು. ಎಣಿಸದೆ ಉಳಿದಿದ್ದ ವರ್ಷ, ಅಂದಾಜು ಒಂಬೈನೂರು.